ಪುರಾಣದಲ್ಲಿ ಗಂಗೆ, ಪಹಣಿಯಲ್ಲಿ ಖರಾಬು

ದಾದರ್‌ನಿಂದ ಮೈಸೂರಿಗೆ ಬರುವ ರೈಲೊಂದಿದೆ, ಹೆಸರು ಶರಾವತಿ ಎಕ್ಸ್‌ಪ್ರೆಸ್. ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಎಂದು ಊರೂರು ಸುತ್ತುತ್ತದೆ. ಹರಿಹರದಲ್ಲಿ ತುಂಗಭದ್ರೆ ಸಿಗುತ್ತಾಳೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಸಿಗುತ್ತಾಳೆ. ಸಿಗದವಳು ಶರಾವತಿ ಒಬ್ಬಳೇ. ಅವಳನ್ನು ದಾಟುವ ಯೋಗ ಬಂದಿರುವುದು ಕೊಂಕಣ ರೈಲ್ವೆಯ ಮತ್ಸ್ಯಗಂಧಾಕ್ಕೆ. ಹೊನ್ನಾವರದ ಆ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ದೊಡ್ಡದು. ಮಹಾಭಾರತದ ಕಥೆಯಲ್ಲಿ ಹುಟ್ಟು ಹಾಕಿ ಋಷಿಯನ್ನು ದಡ ಮುಟ್ಟಿಸಿದ ಅಂಬಿಗರ ಹುಡುಗಿಯ ಹೆಸರು ಹೊತ್ತ ರೈಲು, ಹೊನ್ನಾವರದ ಅಂಬಿಗರ ತಲೆಯ ಮೇಲಿಂದ ಧಡಧಡ ದಾಟಿ ಹೋಗುತ್ತದೆ.

ಇದರಲ್ಲಿ ರೈಲ್ವೆಯವರದ್ದು ಏನೂ ತಪ್ಪಿಲ್ಲ. ನಮ್ಮಲ್ಲಿ ನದಿಯ ಹೆಸರು ಇರುವುದೇ ನದಿಯಿಂದ ದೂರ ಇರುವವರ ಉಪಯೋಗಕ್ಕೆ. ಮುಖ್ಯಮಂತ್ರಿಗಳ ಅಧಿಕೃತ ನಿವಾಸ ಕಾವೇರಿ. ಅತಿಥಿಗೃಹದ ಕೋಣೆ ಬಾಗಿಲುಗಳ ಮೇಲೆ ರಾಜ್ಯದ ಅಷ್ಟೂ ನದಿಗಳು ಹಿತ್ತಾಳೆ ಅಕ್ಷರದಲ್ಲಿ ಮಲಗಿವೆ. ಬೆಂಗಳೂರಿನ ಬಡಾವಣೆಗಳಲ್ಲಿ ನೀರಿಲ್ಲದ ಬೀದಿಗೂ ನದಿಯ ಹೆಸರು ಇರುತ್ತದೆ, ನೀರಿಗೆ ಟ್ಯಾಂಕರ್ ಇರುತ್ತದೆ. ದಡದಲ್ಲೇ ಹುಟ್ಟಿದವರನ್ನು ಹೋಗಿ ಕೇಳಿ. ತದಡಿಯ ತಾರಿ ಕಟ್ಟೆಯಲ್ಲಿ ಕುಳಿತವರಿಗೆ, “ಈ ನದಿ ಹೆಸರೇನು ಮಾರಾಯ್ರೇ?” ಎಂದರೆ ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. “ಹೆಸ್ರು ಎಂತದು? ಹೊಳೆ. ನಿಮಗೆ ಆಚೆ ಹೋಗುದಾ, ಬ್ಯಾಡ್ದಾ?”

ಸರಕಾರದ ಕಡತಕ್ಕೆ ಇಷ್ಟು ಸಾಲದು. ಬ್ರಿಟಿಷರ ಕಾಲದಿಂದಲೇ ಸಾಲದು. 1883ರ ಕೆನರಾ ಗೆಜೆಟಿಯರ್ ಬರೆದವರು ಅಘನಾಶಿನಿಯನ್ನು ತದ್ರಿ ಎಂದರು. ಶರಾವತಿಯ ಪಕ್ಕದಲ್ಲಿ ಗೇರುಸೊಪ್ಪೆಯ ಹೆಸರು ಸೇರಿಸಿದರು, ಜೋಗವನ್ನಂತೂ ಗೇರುಸೊಪ್ಪೆ ಜಲಪಾತ ಎಂದೇ ಲೋಕಕ್ಕೆಲ್ಲ ಸಾರಿದರು. ಅಘನಾಶಿನಿ ಧುಮುಕುವ ಉಂಚಳ್ಳಿ ಜಲಪಾತಕ್ಕೆ ಲುಷಿಂಗ್ಟನ್ ಎಂಬ ಕಲೆಕ್ಟರ್ ಸಾಹೇಬರ ಹೆಸರು ಅಂಟಿಕೊಂಡಿತು. ಅಲ್ಲಿಯ ಮಂದಿ ಅದಕ್ಕೆ ಇಟ್ಟ ಹೆಸರು ಕೆಪ್ಪಜೋಗ. ಪಕ್ಕ ನಿಂತವರ ಕಿವಿ ಕೆಪ್ಪಾಗುವಷ್ಟು ಸದ್ದು ಅದರದ್ದು. ಸಾಹೇಬರ ಹೆಸರು ನಕಾಶೆಗೆ ಹೋಯಿತು, ಸದ್ದು ಕೇಳಿದವರ ಹೆಸರು ಊರಲ್ಲೇ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮವರು ಸಾಹೇಬರು ಬರೆದ ಹೆಸರು ಒರೆಸಿ ಸಂಸ್ಕೃತ ಹೆಸರು ಬರೆದರು. ಈಗ ದೊಡ್ಡ ಹೊಳೆಗಳಿಗೆಲ್ಲ ಒಂದೊಂದು ಪುರಾಣ. ರಾಮ ಅಂಬುತೀರ್ಥದಲ್ಲಿ ಬಾಣ ಬಿಟ್ಟ, ಶರದಿಂದ ಶರಾವತಿ ಹುಟ್ಟಿದಳು. ಅಘ ಅಂದರೆ ಪಾಪ, ಅದನ್ನು ತೊಳೆಯುವವಳು ಅಘನಾಶಿನಿ. ಕೈಮುಗಿಯಬೇಕಾದ ಹೆಸರುಗಳೇ. ಆದರೆ ಒಮ್ಮೆ ತಾಲ್ಲೂಕು ಕಚೇರಿಗೆ ಹೋಗಿ ಕಂದಾಯದ ದಾಖಲೆ ತೆಗೆಸಿ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ ಪ್ರಕಾರ ಸಾಗುವಳಿಗೆ ಒದಗದ ನೆಲವೆಲ್ಲ ಖರಾಬು. ಅದರಲ್ಲಿ ಎರಡು ಜಾತಿ. ಜನ ನೀರಿಗೆ ಬಳಸುವ ಹಳ್ಳ, ಕೆರೆ, ಓಡಾಡುವ ದಾರಿ, ಹೆಣ ಸುಡುವ ಜಾಗ, ಇವೆಲ್ಲ ‘ಬ’ ಖರಾಬು. ಮಂತ್ರಿಗಳು ರೇಷ್ಮೆ ಪಂಚೆ ಉಟ್ಟು ಮೊರದ ಬಾಗಿನ ಬಿಡುವ ನೀರಿನ ಒಡಹುಟ್ಟಿದವರು ಪಹಣಿಯಲ್ಲಿ ಸ್ಮಶಾನದ ಪಂಕ್ತಿಯಲ್ಲಿ ಕುಳಿತಿದ್ದಾರೆ. ಅರ್ಚನೆ ಮೊದಲನೇ ಹೆಸರಿಗೆ ಆಗುತ್ತದೆ, ಆಡಳಿತ ಎರಡನೇ ಹೆಸರಿಗೆ ನಡೆಯುತ್ತದೆ. ಖರಾಬನ್ನು ಖರಾಬು ಮಾಡಿದರೆ ಯಾವ ಕಾನೂನು ತಾನೇ ಏನು ಕೇಳೀತು?

ಹೆಸರು ಬದಲಿಸುವ ವಿದ್ಯೆ ಕಂದಾಯ ಇಲಾಖೆಯೊಂದರ ಸ್ವತ್ತಲ್ಲ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ಗಣಿಗಾರಿಕೆ ನಿಷಿದ್ಧ. ದೋಣಿ ಓಡಾಡಲು ಅಡ್ಡವಾಗುವ ‘ಮರಳು ದಿಬ್ಬದ ತೆರವು’ ಮಾತ್ರ ಸಕ್ರಮ, ಅದೂ ಸಾಂಪ್ರದಾಯಿಕ ಜನ ಕೈಯಿಂದ ತೆಗೆಯಬೇಕು. ಈ ನಿಯಮ ಬಂದಂದಿನಿಂದ ನಮ್ಮ ಹೊಳೆಗಳಲ್ಲಿ ದಿಬ್ಬಗಳ ಸಂತಾನ ಏನು ಬೆಳೆದಿದೆ ಅಂತೀರಿ! ದೋಣಿಯೇ ಹೋಗದ ಕಡೆಯಲ್ಲೂ ದೋಣಿಗೆ ಅಡ್ಡ ಬಂದು ನಿಲ್ಲುತ್ತವೆ.

ಇನ್ನು ಶರಾವತಿ. ಈ ನಾಡಿನಲ್ಲಿ ಇಷ್ಟು ಯೋಜನೆಗಳಿಗೆ ಹೆಸರು ದಾನ ಮಾಡಿದ ಹೊಳೆ ಇನ್ನೊಂದಿರಲಾರದು. ಜೋಗದ ವಿದ್ಯುದಾಗಾರಕ್ಕೆ ಮೊದಲು ಮಹಾರಾಜರ ಹೆಸರಿತ್ತು, ಕೃಷ್ಣರಾಜೇಂದ್ರ. ಅರಸೊತ್ತಿಗೆ ಹೋದದ್ದೇ ತಡ ಮಹಾತ್ಮಾ ಗಾಂಧಿ ಆಯಿತು. ಬಳಿಕ ಹೊಳೆಯದೇ ಹೆಸರಿನ ಸರದಿ. ಶರಾವತಿ ಕಣಿವೆ ಯೋಜನೆ, 1964ರಲ್ಲಿ ಲಿಂಗನಮಕ್ಕಿ. ಶರಾವತಿ ಟೇಲ್‌ರೇಸ್, ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ. 2019ರಲ್ಲಿ ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂತು. ಶಿವಮೊಗ್ಗದವರು ಬಂದ್ ಮಾಡಿದರು. ಈಗ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್. ತಳಕಳಲೆಯಿಂದ ಗೇರುಸೊಪ್ಪೆಗೆ ನೀರು ಇಳಿಸುವುದು, ಕರೆಂಟು ಮಾಡುವುದು, ಅದೇ ನೀರನ್ನು ಕರೆಂಟು ಕೊಟ್ಟು ಮತ್ತೆ ಗುಡ್ಡ ಹತ್ತಿಸುವುದು. ಹತ್ತಿಸಲು ಬೇಕಾದ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಇದು ಯೋಜನೆಯ ದೋಷವಲ್ಲ, ಆ ತಂತ್ರಜ್ಞಾನ ಇರುವುದೇ ಹಾಗೆ ಎಂದು ಬಲ್ಲವರು ಸಮಾಧಾನ ಹೇಳುತ್ತಾರೆ. ಯೋಜನೆಯ ಜಾಗ ಶರಾವತಿ ಸಿಂಗಳೀಕ ಅಭಯಾರಣ್ಯದಲ್ಲೇ ಬರುತ್ತದೆ. ಅಭಯ ಕೊಡುವ ಕಾಡಿಗೂ ಅದೇ ಹೆಸರು, ಅದರ ಹೊಟ್ಟೆ ಕೊರೆಯುವ ಸುರಂಗಕ್ಕೂ ಅದೇ ಹೆಸರು. ಸಿಂಗಳೀಕಕ್ಕೆ ಓದಲು ಬಾರದಿರುವುದು ಎಷ್ಟು ಅನುಕೂಲ ನೋಡಿ. ಮನುಷ್ಯರಿಗೂ ಹೊಳೆಯ ಹೆಸರಿನ ಬಿರುದು ಸಿಕ್ಕಿದೆ: ಶರಾವತಿ ಮುಳುಗಡೆ ಸಂತ್ರಸ್ತರು. ಮೂರನೇ ತಲೆಮಾರಿಗೂ ಹಕ್ಕುಪತ್ರ ಬಂದಿಲ್ಲದ ಮನೆಗಳಿವೆ, ಬಿರುದು ಮಾತ್ರ ಪಿತ್ರಾರ್ಜಿತವಾಗಿ ತಪ್ಪದೆ ಬರುತ್ತಿದೆ.

ಮೇಲಿನವರು ಹೊಳೆಗೆ ಬೀಗ ಹಾಕಿದರೆ ಕೆಳಗಿನ ಹೊನ್ನಾವರದಲ್ಲಿ ಏನಾಯಿತೆಂಬ ಲೆಕ್ಕ ಯಾವ ಉದ್ಘಾಟನಾ ಫಲಕದಲ್ಲೂ ಇಲ್ಲ. ಅಳಿವೆ ಅಂದರೆ ಸಿಹಿನೀರು, ಉಪ್ಪುನೀರು ಸೇರುವ ಜಾಗ. ಮಳೆಗಾಲದಲ್ಲಿ ಸಿಹಿ ಜಾಸ್ತಿ, ಬೇಸಗೆಯಲ್ಲಿ ಉಪ್ಪು ಜಾಸ್ತಿ; ಬಳಚು ಚಿಪ್ಪಿ ಮಣ್ಣಿನಲ್ಲಿ ಬೆಳೆಯುವುದು ಈ ಏರಿಳಿತದ ಲೆಕ್ಕದಲ್ಲಿ. ವಿದ್ಯುದಾಗಾರಕ್ಕೆ ಬೇಸಗೆ, ಮಳೆಗಾಲ ಎರಡೂ ಒಂದೇ, ದಿನವೂ ನೀರು ಬಿಡುತ್ತದೆ. ಬೇಸಗೆಯಲ್ಲಿ ಏರಬೇಕಾದ ಉಪ್ಪು ಏರಲಿಲ್ಲ. ಶರಾವತಿಯ ಅಳಿವೆಯಲ್ಲಿ ತಿನ್ನುವ ಚಿಪ್ಪಿಗಳು ಹೆಚ್ಚುಕಡಿಮೆ ನಿರ್ನಾಮವಾದವು, ಮೀನಿನ ಜಾತಿಗಳೂ ತಗ್ಗಿದವು. ಅಘನಾಶಿನಿ, ಶರಾವತಿ ಎರಡೂ ಅಳಿವೆಗಳನ್ನು ಅಳೆದ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್‌ಚಂದ್ರನ್, ಟಿ.ವಿ. ರಾಮಚಂದ್ರ ಅವರ ಅಧ್ಯಯನಗಳು ಹೇಳುವುದು ಇದನ್ನೇ. ಕಟ್ಟೆಯಿಲ್ಲದ ಅಘನಾಶಿನಿಯಲ್ಲಿ ಚಿಪ್ಪಿ ಉಳಿದಿದೆ, ಕಟ್ಟೆಯಿರುವ ಶರಾವತಿಯಲ್ಲಿ ಹೋಗಿದೆ. ಎರಡೂ ಪುಣ್ಯನದಿಗಳೇ. ಚಿಪ್ಪಿಗೆ ಪುಣ್ಯದ ರುಚಿ ಗೊತ್ತಿಲ್ಲ, ಉಪ್ಪಿನದ್ದು ಗೊತ್ತು.

ಅಘನಾಶಿನಿಯೂ ಪಾರಾದದ್ದು ಹೆಸರಿನ ಬಲದಿಂದಲ್ಲ. ತದಡಿಯಲ್ಲಿ ನಾಲ್ಕು ಸಾವಿರ ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ತರಲು ಹೊರಟವರಿಗೂ ಆ ಹೆಸರಿನ ಅರ್ಥ ತಿಳಿದೇ ಇತ್ತು. ಪಾಪ ತೊಳೆಯುವ ಹೊಳೆ ಬೂದಿ ತೊಳೆಯದೇ ಇದ್ದೀತೇ ಎಂಬ ದೃಢ ಭಕ್ತಿ ಅವರದ್ದು. ಅಡ್ಡ ಬಂದವರು ಊರಿನವರು. ಅವರಲ್ಲಿ ಪುರಾಣ ಬಲ್ಲವರು ಎಷ್ಟಿದ್ದರೋ ಗೊತ್ತಿಲ್ಲ, ಇಳಿತದ ಹೊತ್ತು ಬಲ್ಲವರು ಸಾಕಷ್ಟಿದ್ದರು.

ಈ ಊರುಗಳ ಹೆಸರನ್ನೇ ಕೇಳಿ ನೋಡಿ. ಐಗಳಕುರ್ವೆ, ಮಾವಿನಕುರ್ವಾ: ಹೊಳೆ ನಡುವಿನ ನೆಲ ಕುರ್ವೆ. ಮಾಣಿಕಟ್ಟಾ, ಸಾಣಿಕಟ್ಟಾ: ಉಪ್ಪುನೀರಿಗೆ ಕಟ್ಟು ಹಾಕಿದ ಕಡೆ. ಶರಾವತಿಯ ಎರಡೂ ದಂಡೆಯ ಊರುಗಳಿಗೆ ಒಟ್ಟಾಗಿ ಹೊಳೆಸಾಲು ಎಂದೇ ಹೆಸರು. ಇವು ಯಾವುದೂ ಸ್ತೋತ್ರದಲ್ಲಿ ಬರುವ ಹೆಸರಲ್ಲ, ಕೆಲಸದ ಹೆಸರುಗಳು. ಮಾಣಿಕಟ್ಟಾದ ಗಜನಿಯನ್ನೇ ತೆಗೆದುಕೊಳ್ಳಿ. ಭರತ ಬಂದರೆ ಮುಳುಗುವ ಈ ತಗ್ಗು ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುತ್ತದೆ, ನೆರೆಗೆ ಮುಳುಗಿದರೂ ಎದ್ದು ನಿಲ್ಲುತ್ತದೆ. ಯೂರಿಯಾ ಕೇಳುವುದಿಲ್ಲ, ಆದ್ದರಿಂದ ಇಲಾಖೆಗೆ ಅದರ ಮೇಲೆ ಅಷ್ಟೇನೂ ಮಮತೆಯಿಲ್ಲ. ಗಜನಿಯ ಕಟ್ಟಿಗೆ ಜಂತ್ರಡಿ ಎಂಬ ಹಲಗೆ ಬಾಗಿಲು. ಯಾವ ಅಮಾವಾಸ್ಯೆಗೆ ತೆಗೆಯಬೇಕು, ಯಾವಾಗ ಹಾಕಬೇಕು, ಕಾಯುವವರು ಯಾರು, ಕೊಯ್ಲಾದ ಮೇಲೆ ಒಳಗೆ ಬಂದ ಸಿಗಡಿ ಯಾರಿಗೆ, ಎಲ್ಲಕ್ಕೂ ರೈತರದ್ದೇ ಕೂಟ, ಅವರದ್ದೇ ಕಟ್ಟಳೆ. ನನ್ನ ಗದ್ದೆ ನಾನು ನೋಡಿಕೊಳ್ಳುತ್ತೇನೆ ಎಂದರೆ ಅಲ್ಲಿ ನಡೆಯದು, ಒಂದು ಕಡೆ ಕಟ್ಟು ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಜಂತ್ರಡಿ ಎಂಬ ಹೆಸರು ಬಾಯಲ್ಲಿ ಇರುವಷ್ಟು ದಿನ ಅದನ್ನು ಕಾಯುವ ಒಬ್ಬ ಮನುಷ್ಯನೂ ಇರುತ್ತಾನೆ. ಇದಕ್ಕೆ ಪಟ್ಟಣದ ಕಾರ್ಯಾಗಾರಗಳಲ್ಲಿ ‘ಸಮುದಾಯ ಆಧಾರಿತ ಪ್ರಕೃತಿ ಸಂರಕ್ಷಣೆ’ ಎನ್ನುತ್ತಾರೆ. ಕಾರ್ಯಾಗಾರಕ್ಕೆ ಕಗ್ಗದ ಅನ್ನ ಹಾಕಿದ್ದನ್ನು ನಾನು ಕಂಡಿಲ್ಲ, ಬಫೆಯಲ್ಲಿ ಫ್ರೈಡ್ ರೈಸ್ ಇರುತ್ತದೆ.

ಆಮೇಲೆ ಸರಕಾರಕ್ಕೂ ಗಜನಿಯ ಮೇಲೆ ಪ್ರೀತಿ ಹುಟ್ಟಿತು. ಖಾರ್‌ಲ್ಯಾಂಡ್ ಬಂಡ್ ಎಂದು ಹೊಸ ಹೆಸರಿಟ್ಟು ಕಾಯಂ ಒಡ್ಡು ಕಟ್ಟಿತು. ಕಾಯಂ ಒಡ್ಡಿಗೆ ಕಾಯುವವನು ಬೇಡ. ಕಾಯುವವನು ಹೋದ ಮೇಲೆ ಕೂಟದ ಬಿಗಿ ಸಡಿಲಾಯಿತು. ಸಿಗಡಿಗೆ ಬೆಲೆ ಬಂದ ತೊಂಬತ್ತರ ದಶಕದಲ್ಲಿ ಗಜನಿಗಳು ಗುತ್ತಿಗೆಗೆ ಹೋದವು. ಈಗ ಒಡ್ಡು ಒಡೆದರೆ ಅಂದಾಜುಪಟ್ಟಿ, ಟೆಂಡರು, ಮಳೆಗಾಲದ ನಂತರ ಕಾಮಗಾರಿ. ಮೊದಲಾದರೆ ಒಂದು ಕೂಗು ಸಾಕಿತ್ತು. ಕುಮಟಾದ ಹೊಳೆಗದ್ದೆಯನ್ನೂ ಇಲ್ಲೇ ನೆನೆಯಬೇಕು. ಹೊಳೆ, ಗದ್ದೆ ಎರಡನ್ನೂ ಹೆಸರಿನಲ್ಲೇ ಇಟ್ಟುಕೊಂಡ ಊರು. ಈಗ ಹೊಳೆಗದ್ದೆ ಅಂದರೆ ಕರಾವಳಿಗೆಲ್ಲ ಗೊತ್ತಿರುವುದು ಹೆದ್ದಾರಿಯ ಟೋಲ್‌ಗೇಟ್.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ಇನ್ನೊಂದು ಹೆಸರು ಬಂತು: ರಾಮ್ಸರ್ ತಾಣ. 4801 ಹೆಕ್ಟೇರಿನ ಜೌಗು, ಕಾಂಡ್ಲಾ, ಗಜನಿ, ಎಲ್ಲ ಸೇರಿ ಅಂತರರಾಷ್ಟ್ರೀಯ ಮಹತ್ವದ್ದಾಯಿತು. ಶರಾವತಿಗೆ ರಾಮನ ಶರ ಸಿಕ್ಕಿತ್ತು, ಅಘನಾಶಿನಿಗೆ ರಾಮನ ಸರವೇ ಸಿಕ್ಕಿತಲ್ಲ ಎಂದು ಖುಷಿಪಟ್ಟವರುಂಟು. ಇದು ಇರಾನಿನ ಕ್ಯಾಸ್ಪಿಯನ್ ದಂಡೆಯ ಊರು, 1971ರಲ್ಲಿ ಅಲ್ಲಿ ಒಪ್ಪಂದವಾದ್ದರಿಂದ ಆ ಹೆಸರು ಎಂದರೆ ಅವರ ಮುಖ ಬಾಡುತ್ತದೆ. ಹೆಸರು ಇರಾನಿನದಾದರೂ ಮರ್ಯಾದೆ ನಮ್ಮದೇ. ಕೆಸರಲ್ಲಿ ಸೊಂಟದವರೆಗೆ ಇಳಿದು ಬಳಚು ಆರಿಸುವ ಹೆಂಗಸರಿಗೆ ಮಾತ್ರ ಇದರಿಂದ ಏನು ಬದಲಾಯಿತೆಂದು ಇನ್ನೂ ಯಾರೂ ಬಂದು ಹೇಳಿಲ್ಲ. ಅಳಿವೆಯನ್ನು ಹೀಗೆ ಜಗತ್ತಿಗೆ ತೋರಿಸಿ ಚಪ್ಪಾಳೆ ತಟ್ಟಿಸಿಕೊಂಡ ಮೇಲೆ, ಅದೇ ಹೊಳೆಯ ನೀರನ್ನು ಮೇಲಿನಿಂದಲೇ ತಿರುಗಿಸಿ ವೇದಾವತಿಗೆ ಜೋಡಿಸುವ ಪ್ರಸ್ತಾವ ಬಂದಿದೆ. ಬೇಡ್ತಿಗೆ ವರದೆ, ಅಘನಾಶಿನಿಗೆ ವೇದಾವತಿ. ಹೆಸರಿನ ಹೊಂದಾಣಿಕೆ ನೋಡಿಯೇ ಸಂಬಂಧ ಕುದುರಿಸಿದಂತಿದೆ. ಹುಡುಗಿಯರನ್ನು ಕೇಳಿಲ್ಲ, ತವರಿನವರು ಬೀದಿಯಲ್ಲಿ ಕೂತು ಒಲ್ಲೆ ಅನ್ನುತ್ತಿದ್ದಾರೆ.

ಹೆಸರು ಇಡುವುದು ಹೇಗೆಂದು ನೋಡಬೇಕಾದರೆ ಹೊನ್ನಾವರದ ನೀಲಕೋಡಿನ ಗುಡ್ಡ ಹತ್ತಬೇಕು. ಅಲ್ಲಿರುವ ದೇವಿ ಕರಿಕಾನಮ್ಮ. ಕರಿಕಾನು ಎಂದರೆ ಬಿಸಿಲು ನೆಲಕ್ಕೆ ಬೀಳದ ಹಸಿರು ಕಾಡು. ದೇವಿಗೆ ಕಾಡಿನ ಹೆಸರಿಟ್ಟದ್ದರಿಂದ ಕಾಡು ಕಡಿದರೆ ದೇವಿಗೇ ಹೆಸರಿಲ್ಲ. ಘಟ್ಟದಲ್ಲೆಲ್ಲ ಮುಗಿಲುದ್ದದ ಮರಗಳು ಪ್ಲೈವುಡ್ಡಿಗೆ ಹೋದಾಗಲೂ ಇಲ್ಲಿಯವು ನಿಂತಿದ್ದವು. ನಮ್ಮ ಪುರಾಣಕರ್ತರಿಗೆ ಹೊಳೆಯ ವಿಷಯದಲ್ಲಿ ಈ ಉಪಾಯ ಹೊಳೆಯಲಿಲ್ಲ. ನೀರು ಹೋದರೂ ಹೆಸರು ಹೋಗದ ಹಾಗೆ ಭದ್ರ ಮಾಡಿಟ್ಟರು.

ಶರಾವತಿ ಸಮುದ್ರ ಸೇರುವಲ್ಲಿ ಕಾಸರಕೋಡು. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟ ಬಂತು, ಸ್ವಚ್ಛತೆಗೆ ಸಿಗುವ ಜಾಗತಿಕ ಮುದ್ರೆ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರು. ಒಣಮೀನು ಹರಡುವ, ಕಡಲಾಮೆ ಮೊಟ್ಟೆಯಿಡುವ ಮರಳಿನ ಮೇಲೆ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಜಗಳ ಆಡುತ್ತಿದ್ದಾರೆ, ಕೇಸು ಹಾಕಿಸಿಕೊಂಡಿದ್ದಾರೆ. ಒಂದೇ ಊರಿನ ಒಂದು ತುದಿಯಲ್ಲಿ ಬಾವುಟ, ಇನ್ನೊಂದು ತುದಿಯಲ್ಲಿ ಪೊಲೀಸ್ ವ್ಯಾನು. ಸ್ನೇಹಕುಂಜದ ವೈದ್ಯೆ, ಪರಿಸರ ಹೋರಾಟಗಾರ್ತಿ ಡಾ. ಕುಸುಮಾ ಸೊರಬ ಬದುಕಿದ್ದಿದ್ದರೆ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತಿದ್ದರೆಂದು ಕಾಸರಕೋಡಿನಲ್ಲಿ ಯಾರೂ ಕೇಳಬೇಕಾಗಿಲ್ಲ.

ಪುರಾಣವಿದ್ದ ಹೊಳೆಗಳ ಪಾಡು ಇದಾದರೆ ಪುರಾಣವೇ ಇಲ್ಲದ ಹೊಳೆಗಳ ಕತೆ? ಗುಂಡಬಾಳ, ಬಡಗಣಿ, ಭಾಸ್ಕೇರಿ, ವೆಂಕಟಾಪುರ, ಎಲ್ಲವೂ ಪಕ್ಕದ ಊರಿನ ಹೆಸರನ್ನೇ ಎರವಲು ಪಡೆದು ಹರಿಯುತ್ತವೆ. ಪತ್ರಿಕೆಯಲ್ಲಿ ಇವುಗಳ ಹೆಸರು ಬರುವುದು ನೆರೆ ಬಂದಾಗ ಮಾತ್ರ, ಆರೋಪಿಯ ಸ್ಥಾನದಲ್ಲಿ. ಎಲ್ಲಕ್ಕಿಂತ ನತದೃಷ್ಟ ಹೊಳೆ ಭಟ್ಕಳದ ಶರಾಬಿ. ಶರಾವತಿಗೂ ಶರಾಬಿಗೂ ಒಂದೆರಡು ಅಕ್ಷರದ ಆಚೀಚೆ. ಒಬ್ಬಳು ದೇವಿ, ಇನ್ನೊಬ್ಬಳ ಹೆಸರು ಕೇಳಿದರೆ ಪರವೂರಿನವರು ಕುಡುಕನ ನೆನಪಾಗಿ ನಗುತ್ತಾರೆ. ಈ ಹೊಳೆಯ ಬಾಯಲ್ಲಿ ವಿಜಯನಗರದ ಕುದುರೆಗಳು ಇಳಿದಿದ್ದವು. ಭಟ್ಕಳ ಆ ಸಾಮ್ರಾಜ್ಯದ ದೊಡ್ಡ ರೇವು. 1502ರಲ್ಲಿ ವಾಸ್ಕೋ ಡ ಗಾಮ ಬಂದು ಬೆದರಿಸಿದ, 1542ರಲ್ಲಿ ಪೋರ್ಚುಗೀಸರು ಊರು ಸುಟ್ಟರು. ಹೊಳೆ ಅದನ್ನೆಲ್ಲ ತಡೆದುಕೊಂಡಿತ್ತು. ತಡೆಯಲಾಗದೆ ಹೋದದ್ದು ಒಳಚರಂಡಿ ಯೋಜನೆಯನ್ನು. ಗೌಸಿಯಾ ಸ್ಟ್ರೀಟಿನ ಪಂಪಿಂಗ್ ಸ್ಟೇಷನ್ ಬಳಿಯಿಂದ ಕೊಳಚೆ ಹೊಳೆಗೆ ಸೇರುತ್ತದೆ, ಅಕ್ಕಪಕ್ಕದ ಬಾವಿಗಳು ಕೆಟ್ಟಿವೆ ಎಂದು ಅಲ್ಲಿಯ ಜನ ಮನವಿ ಕೊಟ್ಟು ಕೊಟ್ಟು ಸುಸ್ತಾಗಿದ್ದಾರೆ. ರಾಮ ಬಾಣ ಬಿಡದ ಹೊಳೆಗೆ ಕಡೆಗೆ ಪೈಪಾದರೂ ಬಿಟ್ಟೆವಲ್ಲ.

ಕೆಲವರು ಹೇಳುತ್ತಾರೆ, ನದಿಗೆ ಬರಿಯ ಹೆಸರು ಸಾಲದು, ಕಾನೂನಿನ ವ್ಯಕ್ತಿತ್ವ ಬೇಕು ಎಂದು. ನ್ಯೂಜಿಲೆಂಡಿನ ವಾಂಗನುಯಿ ನದಿಗೆ 2017ರಲ್ಲಿ ಅದು ಸಿಕ್ಕಿತು, ದಂಡೆಯ ಮಾವೊರಿ ಜನರ ಪ್ರತಿನಿಧಿಯೊಬ್ಬರು, ಸರಕಾರದವರೊಬ್ಬರು ಅದರ ಬಾಯಾಗಿ ಕೂತರು. ಅದೇ ವರ್ಷ ಉತ್ತರಾಖಂಡ ಹೈಕೋರ್ಟು ಗಂಗೆ, ಯಮುನೆಯರನ್ನೂ ಜೀವಂತ ವ್ಯಕ್ತಿಗಳೆಂದಿತು. ಗಂಗಾಮಾತೆಗೆ ಜೀವವಿದೆ ಎಂದು ನಿತ್ಯ ಭಾಷಣ ಮಾಡುವ ಸರಕಾರವೇ ಸುಪ್ರೀಂ ಕೋರ್ಟಿಗೆ ಓಡಿತು. ನೆರೆ ಬಂದು ಜನ ಸತ್ತರೆ ಪರಿಹಾರ ಯಾರು ಕೊಡಬೇಕು, ನಮ್ಮ ಮುಖ್ಯ ಕಾರ್ಯದರ್ಶಿಯೇ ಎಂಬುದು ಅದರ ಅಳಲು. ತೀರ್ಪಿಗೆ ತಡೆ ಸಿಕ್ಕಿತು. ತಾಯಿಗೆ ಜೀವ ಬಂದ ಸುದ್ದಿ ಕೇಳಿ ಮಗ ಮೊದಲು ವಕೀಲರ ಮನೆಗೆ ಹೋದ.

ಆದ್ದರಿಂದ ನಮ್ಮ ಮಟ್ಟಿಗೆ ಹೈಕೋರ್ಟು ಬೇಡ, ನಾಡಕಚೇರಿ ಸಾಕು. ನಮೂನೆ ಸಿದ್ಧ ಮಾಡಿದ್ದೇನೆ, ಭಟ್ಕಳದವರು ಬೇಕಾದರೆ ತಿದ್ದಿಕೊಳ್ಳಲಿ.

ಮಾನ್ಯ ತಹಶೀಲ್ದಾರರಿಗೆ,

ವಿಷಯ: ದಾಖಲೆಗಳಲ್ಲಿ ಹೆಸರು ತಿದ್ದುಪಡಿ ಕುರಿತು.

ಅರ್ಜಿದಾರರ ಹೆಸರು: ಶರಾಬಿ ಹೊಳೆ. ತಂದೆ: ಪಶ್ಚಿಮಘಟ್ಟ. ಉದ್ಯೋಗ: ಹಿಂದೆ ಬಂದರು, ಸದ್ಯ ಚರಂಡಿ. ಜಾತಿ: ‘ಬ’ ಖರಾಬು.

ಮಾನ್ಯರೇ, ನನ್ನ ಹೆಸರಿನಲ್ಲಿ ದೇವಸ್ಥಾನವಿಲ್ಲ, ರೈಲಿಲ್ಲ, ವಿದ್ಯುತ್ ಸ್ಥಾವರವಿಲ್ಲ, ಅಭಯಾರಣ್ಯವಿಲ್ಲ. ಇದ್ದವರ ಗತಿ ನೋಡಿದ ಮೇಲೆ ಅವು ಬೇಕೆಂಬ ಆಸೆಯೂ ಉಳಿದಿಲ್ಲ. ಖರಾಬು ಎಂಬಲ್ಲಿ ಹೊಳೆ ಎಂದು ಬರೆದರೆ ಸಾಕು. ವಾಸಸ್ಥಳದ ದೃಢೀಕರಣಕ್ಕೆ 2022ರ ಆಗಸ್ಟ್ 2ರಂದು ನಾವು ಹೊಳೆಗಳೆಲ್ಲ ಭಟ್ಕಳದಲ್ಲಿ ಎಲ್ಲೆಲ್ಲಿಯವರೆಗೆ ಬಂದು ಹೋಗಿದ್ದೆವೆಂಬುದರ ಗುರುತು ಗೋಡೆಗಳ ಮೇಲೆ ಇನ್ನೂ ಇದೆ, ಪರಿಶೀಲಿಸಬಹುದು. ಅಳತೆಗೆ ಸರ್ವೇಯರ್ ಕಳುಹಿಸಿದಲ್ಲಿ ಆಭಾರಿಯಾಗುವೆ. ಕಳುಹಿಸದಿದ್ದಲ್ಲಿ ಗಡಿ ನಾನೇ ತೋರಿಸಬಲ್ಲೆ.

ಅರ್ಜಿದಾರರ ಸಹಿ: ಮಳೆಗಾಲದಲ್ಲಿ ಖುದ್ದು ಕಚೇರಿಗೆ ಬಂದು ಹಾಕಲಾಗುವುದು.